ಮಂಜಿನಲ್ಲಿ ಮುನೀರ್ ಸಾಹೇಬರನ್ನು ಕರೆದವರು

"ನನಗೊಂದು ಸ್ವರ ಕೇಳಿಸಿತು" ಎಂದು ಯಾರಾದರೂ ಮಾತು ಶುರು ಮಾಡಿದರೆ ಸಾಕು, ನನಗೆ ನಗು ಬರುತ್ತಿತ್ತು. ನಗುವುದಷ್ಟೇ ಅಲ್ಲ, ಅವರು ಕತೆ ಮುಗಿಸುವ ಮೊದಲೇ ಆ ಸ್ವರವನ್ನು ನಾನೇ ಮಾಡಿ ತೋರಿಸುತ್ತಿದ್ದೆ. ಬೇಕಾದರೆ ಗಂಡು ದನಿ, ಬೇಕಾದರೆ ಹೆಣ್ಣು ದನಿ, ಕೊನೆಯಲ್ಲಿ ಸ್ವಲ್ಪ ಎಕೋ. ಹೇಳುತ್ತಿದ್ದವರ ಮುಖ ಸಪ್ಪಗಾಗುತ್ತಿತ್ತು. ಅಂಥವನು ಇವತ್ತು ಅಂಥದ್ದೇ ಒಂದು ಕತೆ ಹೇಳಲು ಕೂತಿದ್ದೇನೆ. ನಿಮಗೆ ನಗು ಬಂದರೆ ತಡೆಯಬೇಡಿ. ನನಗದು ಆಗಬೇಕಾದದ್ದೇ.

ನಾನು ದುಬೈಯ ನೈಫ್‌ನಲ್ಲಿ ಒಂದು ಬಟ್ಟೆಯಂಗಡಿಯ ಸೇಲ್ಸ್‌ಮನ್. ಊರು ಉಡುಪಿಯ ಹತ್ತಿರ. ಸಂಬಳ ಬರುವುದು ಬಟ್ಟೆ ಮಾರಿದ್ದಕ್ಕೆ, ಹೆಸರು ಬಂದದ್ದು ಮಿಮಿಕ್ರಿಯಿಂದ. ಇಲ್ಲಿ ಕರಾವಳಿಯವರ ಯಾವ ಕಾರ್ಯಕ್ರಮವಿದ್ದರೂ ಊಟಕ್ಕೆ ಮೊದಲು ಐದು ನಿಮಿಷ ನನ್ನನ್ನು ವೇದಿಕೆ ಹತ್ತಿಸುತ್ತಾರೆ. ಅಡುಗೆ ತಡವಾದರೆ ಅರ್ಧ ಗಂಟೆ. ಮೆಟ್ರೋದಲ್ಲಿ ಬಾಗಿಲು ಮುಚ್ಚುತ್ತದೆಂದು ಎಚ್ಚರಿಸುವ ಹೆಂಗಸು, ವೀಸಾ ಅರ್ಜಿ ತುಂಬಿಕೊಡುವ ಟೈಪಿಂಗ್ ಸೆಂಟರಿನ ಸಿಡುಕ, ವಿಸಿಟ್ ವೀಸಾದಲ್ಲಿ ಬಂದು ಎಸಿಗೆ ಬೈಯುವ ಅತ್ತೆಯಂದಿರು, ಎಲ್ಲರೂ ನನ್ನ ಗಂಟಲಲ್ಲಿ ಒಂದೊಂದು ಮಂಚದ ಬೆಡ್‌ಸ್ಪೇಸ್ ಹಿಡಿದು ಕೂತಿದ್ದಾರೆ. ಬಾಡಿಗೆ ಮಾತ್ರ ಯಾರೂ ಕೊಟ್ಟಿಲ್ಲ. ಇಷ್ಟು ಜನರ ನಡುವೆ ನನ್ನ ಸ್ವಂತ ಸ್ವರ ಯಾವುದೆಂದು ಕೇಳಿದರೆ ನಾನೂ ಸ್ವಲ್ಪ ಹುಡುಕಬೇಕಾಗುತ್ತದೆ.

ಅಂಗಡಿಯ ಯಜಮಾನರು ಭಟ್ಕಳದ ಮುನೀರ್ ಸಾಹೇಬರು. ವಯಸ್ಸು ಅರವತ್ತು ದಾಟಿದೆ. ಗಿರಾಕಿ ಎಷ್ಟು ಚೌಕಾಸಿ ಮಾಡಿದರೂ ಸಿಟ್ಟಾಗುವವರಲ್ಲ. ಸಿಟ್ಟು ಬರುತ್ತಿದ್ದುದು ಅವರಿಗೆ ಒಂದೇ ಒಂದಕ್ಕೆ, ಸಕ್ಕರೆ ಹಾಕದ ಚಹಾಕ್ಕೆ. ಶುಗರ್ ಇತ್ತು. ದಿನಾ ನಡೆಯಬೇಕೆಂದು ಡಾಕ್ಟರು ಹೇಳಿದ್ದರು. ಅವರು ನಡೆಯುತ್ತಿದ್ದುದು ಗಲ್ಲೆಯಿಂದ ಗೋದಾಮಿಗೆ, ಗೋದಾಮಿನಿಂದ ಗಲ್ಲೆಗೆ. ಕೊನೆಗೆ ಅವರ ಹೆಂಡತಿ ನನಗೆ ಫೋನ್ ಮಾಡಿ, "ನಿಮ್ಮದೊಂದು ನಡೆಯೋ ಟೀಮ್ ಉಂಟಂತಲ್ಲ, ಇವರನ್ನೂ ಎಳ್ಕೊಂಡು ಹೋಗು ಮಗಾ. ಆದ್ರೆ ವಾಪಸ್ ತಂದುಬಿಡಬೇಕು" ಎಂದಿದ್ದರು. ನಾನು ಅವರದೇ ದನಿಯಲ್ಲಿ "ತಂದುಬಿಡ್ತೇನೆ" ಎಂದು ಉತ್ತರಿಸಿದೆ. ಅವರು ನಕ್ಕರು. ಆ ಮಾತಿನ ತೂಕ ನನಗೆ ಆಗ ಗೊತ್ತಾಗಲಿಲ್ಲ.

ನಮ್ಮ ಟೀಮಿನ ನಾಯಕರು ಸದಾನಂದಣ್ಣ. ಅಬುಧಾಬಿಯ ಖಲೀಫಾ ಸಿಟಿಯಲ್ಲಿ ಮನೆ, ಒಂದು ಕಂಪನಿಯಲ್ಲಿ ಅಕೌಂಟೆಂಟ್. ಕುತ್ತಿಗೆಗೆ ಸೀಟಿ ಕಟ್ಟಿಕೊಂಡರೆ ಮಾತ್ರ ಸೇನಾಧಿಪತಿ. ನಾವು ಮಾಡುವುದನ್ನು ಅವರು ಹೈಕಿಂಗ್ ಎಂದು ಕರೆಯುತ್ತಿದ್ದರು. ಹತ್ತುವುದಕ್ಕೆ ಒಂದು ದಿಬ್ಬವೂ ಇಲ್ಲದ ಕಡೆ ಅದೆಂಥ ಹೈಕಿಂಗ್ ಎಂದು ನಾನು ಕೇಳಿದರೆ, "ಊರಲ್ಲಿ ನಡೆದ್ರೆ ನಡಿಗೆ, ಶೂ ಹಾಕ್ಕೊಂಡು ನಡೆದ್ರೆ ಹೈಕಿಂಗ್, ಗೊತ್ತಾಯ್ತಾ?" ಎನ್ನುತ್ತಿದ್ದರು.

ನಮಗೆಲ್ಲ ಪ್ರಿಯವಾಗಿದ್ದ ದಾರಿ ಅಬುಧಾಬಿಯ ಹೊರವಲಯದ ಬನಿಯಾಸ್ ದಾಟಿ ಮರಳುಗಾಡಿನ ಕಡೆಗೆ ಹೋದರೆ ಸಿಗುವಂಥದ್ದು. ಗೂಡ್ಸ್ ರೈಲಿನ ಹಳಿ ಹಾಕುವಾಗ ಲಾರಿಗಳ ಓಡಾಟಕ್ಕೆಂದು ಮಾಡಿದ ದಾರಿ ಅದು. ಕೆಲಸ ಮುಗಿದ ಮೇಲೆ ಸೈಕಲ್ಲಿನವರು, ನಡೆಯುವವರು, ಆಗೀಗ ಒಂಟೆಗಳು ಅದನ್ನು ತಮ್ಮದಾಗಿಸಿಕೊಂಡಿದ್ದರು. ಅಂಗೈಯ ಹಾಗೆ ಸಪಾಟು. ಒಂದು ಬದಿಗೆ ಹಳಿಯ ತಂತಿಬೇಲಿ, ಇನ್ನೊಂದು ಬದಿಗೆ ಶುದ್ಧಮಾಡಿದ ನೀರು ಬಿಟ್ಟು ಕಟ್ಟಿದ ಕೆರೆಗಳು. ಕೆರೆಯ ಸುತ್ತ ಆಳೆತ್ತರದ ಜೊಂಡು, ನಡುವೆ ಎಲ್ಲಿಂದಲೋ ಬಂದ ರಾಜಹಂಸಗಳು. ಆಗಾಗ ಒಂದೊಂದು ಚಿಕ್ಕ ಊರು ಬರುತ್ತದೆ. ಊರೆಂದರೆ ಒಂದು ಮಸೀದಿ, ಒಂದು ಗ್ರೋಸರಿ, ಟಯರ್ ಅಂಗಡಿ, ಮತ್ತು ಕಡ್ಡಾಯವಾಗಿ ಒಂದು ಕೆಫೆಟೇರಿಯಾ. ಒಂದು ಊರಿನಿಂದ ಹೊರಟು ಮುಂದಿನ ಊರಿನ ಕೆಫೆಟೇರಿಯಾದಲ್ಲಿ ಪರಾಟ ತಿನ್ನುವುದು ನಮ್ಮ ಪದ್ಧತಿ. ಸುಟ್ಟ ಕೊಬ್ಬಿಗಿಂತ ತಿಂದ ಪರಾಟವೇ ಜಾಸ್ತಿ ಎಂದು ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿ ಬಿಡುತ್ತಿರಲಿಲ್ಲ.

ಆ ವಿಚಿತ್ರ ನಡೆದದ್ದು ಕೆಲವು ವರ್ಷಗಳ ಹಿಂದಿನ ಚಳಿಗಾಲದ ಒಂದು ಶನಿವಾರ ಬೆಳಿಗ್ಗೆ. ಇಲ್ಲಿಯ ಚಳಿಗಾಲದ ಮಂಜು ನೋಡದವರಿಗೆ ಹೇಳಿದರೆ ನಂಬಿಕೆ ಬರುವುದಿಲ್ಲ. ಬಿಸಿಲಿಗೆ ಹೆಸರಾದ ನಾಡಿನಲ್ಲಿ ನಮ್ಮ ಕೈ ನಮಗೇ ಕಾಣದಷ್ಟು ಮಂಜು. ಎಲ್ಲರ ಫೋನೂ ಒಟ್ಟಿಗೆ ಕಿರುಚಿ ಎಚ್ಚರಿಕೆ ಕೊಟ್ಟಿತ್ತು. "ಅದು ಗಾಡಿ ಓಡಿಸುವವರಿಗೆ ಮಾರಾಯ, ನಡೆಯುವವರಿಗಲ್ಲ" ಎಂದರು ಸದಾನಂದಣ್ಣ. ಅವತ್ತು ಬಂದವರು ನಾವು ನಾಲ್ಕೇ ಜನ: ಸದಾನಂದಣ್ಣ, ಮುನೀರ್ ಸಾಹೇಬರು, ನಾನು, ಮತ್ತು ಬನಿಯಾಸ್‌ನಲ್ಲಿ ನರ್ಸ್ ಆಗಿರುವ ವಿನಯಕ್ಕ. ವಿನಯಕ್ಕ ಮುಲ್ಕಿಯವರು, ಯಾರಿಗೂ ಹೆದರದ ಹೆಂಗಸು. ನನ್ನನ್ನು ಕಂಡ ಕೂಡಲೇ "ಇವತ್ತು ಬಾಯಿ ಬಂದ್, ಖಲಾಸ್!" ಎಂದರು. ಅದಕ್ಕೆ ಕಾರಣವಿತ್ತು. ಹಿಂದಿನ ಸಲ ನಾನು ಹಿಂದಿನಿಂದ ಸದಾನಂದಣ್ಣನ ದನಿಯಲ್ಲಿ "ಯಲ್ಲಾ, ತಿರುಗಿ ತಿರುಗಿ" ಎಂದು ಕೂಗಿ ಇಡೀ ಟೀಮನ್ನು ಅರ್ಧ ದಾರಿಯಿಂದ ವಾಪಸು ಕಳಿಸಿದ್ದೆ. ತಿರುಗಿದವರಲ್ಲಿ ಸ್ವತಃ ಸದಾನಂದಣ್ಣನೂ ಇದ್ದರು.

ಹೊರಡುವಾಗ ಮುನೀರ್ ಸಾಹೇಬರ ಬ್ಯಾಗನ್ನು ನಾನು ಅವರ ಹೆಗಲಿನಿಂದ ತೆಗೆದುಕೊಂಡೆ. ಇದು ನಮ್ಮಲ್ಲಿ ಯಾರೂ ಹೇಳಿಕೊಡಬೇಕಾದ ವಿಷಯವಲ್ಲ. ಹಿರಿಯರು, ಅದರಲ್ಲೂ ಯಜಮಾನರು, ಬ್ಯಾಗ್ ಹೊತ್ತು ನಡೆಯುವಾಗ ಕಿರಿಯವನು ಕೈ ಬೀಸಿಕೊಂಡು ನಡೆದರೆ ನೋಡುವವರಿಗೆ ಚಂದ ಕಾಣುವುದಿಲ್ಲ. ಅವರು ಬೇಡವೆಂದರು, ನಾನು ಕೇಳಲಿಲ್ಲ. ಬ್ಯಾಗಿನಲ್ಲಿ ಅವರ ನೀರು, ಫೋನು, ಖರ್ಜೂರ ಮತ್ತು ಗ್ಲೂಕೋಸ್ ಬಿಸ್ಕತ್ತು ಇದ್ದವು. ಅವರು ಬೆಳಗಿನ ಮಾತ್ರೆ ನುಂಗಿ, ತಿಂಡಿ ತಿನ್ನದೆ ಹೊಟ್ಟೆಯನ್ನು ಪರಾಟಕ್ಕೆಂದು ಉಳಿಸಿಕೊಂಡು ಬಂದಿದ್ದರೆಂಬುದು ಆಮೇಲೆ ತಿಳಿಯಿತು.

ಎರಡನೆಯ ಕೆರೆಯ ಹತ್ತಿರ ಮುನೀರ್ ಸಾಹೇಬರು, "ನೀವು ನಡೀರಿ, ನಾನು ಒಂದು ನಿಮಿಷ ಬಂದೆ" ಎಂದು ಜೊಂಡಿನ ಕಡೆಗೆ ಇಳಿದರು. ಶುಗರಿನವರಿಗೆ ಆಗಾಗ ಹೋಗಬೇಕಾಗುತ್ತದೆ. ಮರ್ಯಾದೆಗೆ ನಾವು ಮೂವರೂ ಮುಂದೆ ನಡೆದು ನಿಂತೆವು. ಅಂಥ ಮಂಜಿನಲ್ಲಿ ಮರ್ಯಾದೆಗಾಗಿ ದೂರ ಹೋಗುವುದೇನಿತ್ತು, ಎರಡು ಮಾರು ಸರಿದರೆ ಸಾಕಿತ್ತು. ಆದರೆ ನಾವು ದಾಕ್ಷಿಣ್ಯದ ಜನ, ಚೆನ್ನಾಗಿಯೇ ದೂರ ಹೋದೆವು.

ಕಾದೆವು. ಬರಲಿಲ್ಲ. ಸದಾನಂದಣ್ಣ ಸೀಟಿ ಊದಿದರು. ವಿನಯಕ್ಕ, "ಅವರ ಬಿಸ್ಕತ್ತು ಎಲ್ಲುಂಟು?" ಎಂದು ಕೇಳಿದರು. ನಾನು ಬ್ಯಾಗ್ ತೋರಿಸಿದೆ. "ಫೋನು?" ಎಂದರು. ಅದನ್ನೂ ತೋರಿಸಿದೆ. ಅವರ ಮುಖ ಬದಲಾದದ್ದು ಆ ಮಂಜಿನಲ್ಲೂ ನನಗೆ ಕಂಡಿತು.

ಕೆರೆಯ ಆಚೆಗೆ ಏನಿದೆ ಎಂದು ನಮಗೆಲ್ಲ ಗೊತ್ತಿತ್ತು. ಉಪ್ಪಿನ ನೆಲ. ಮೇಲೆ ಹಪ್ಪಳದಂಥ ಒಣ ಪದರ, ಕೆಳಗೆ ಕೆಸರು. ಒಮ್ಮೆ ನಾನು ಫೋಟೋ ತೆಗೆಸಿಕೊಳ್ಳಲು ಹೋಗಿ ಮೊಣಕಾಲಿನವರೆಗೆ ಹೂತು, ಒಂದು ಶೂ ಅಲ್ಲೇ ಬಿಟ್ಟು ಬಂದಿದ್ದೆ. ಶುಗರ್ ಇಳಿದು ತಲೆ ತಿರುಗುತ್ತಿರುವ ಮುದುಕರೊಬ್ಬರು ದಿಕ್ಕು ತಪ್ಪಿ ಆ ಕಡೆ ನಡೆದಿದ್ದರೆ?

ನಾವು ಹಿಂದಕ್ಕೆ ಓಡಿದೆವು. ಸದಾನಂದಣ್ಣ ಮತ್ತು ವಿನಯಕ್ಕ ಜೊಂಡಿನ ಒಂದು ತುದಿಗೆ ಹೋದರು, ನಾನು ಇನ್ನೊಂದು ತುದಿಗೆ. "ಸಾಹೇಬ್ರೇ!" ಎಂದು ಕೂಗಿದೆ. ನನ್ನ ಸ್ವರ ಹತ್ತಿಯ ಮೂಟೆಗೆ ಗುದ್ದಿದ ಹಾಗೆ ಅಲ್ಲೇ ಸತ್ತುಹೋಯಿತು. ಇನ್ನೂ ಜೋರಾಗಿ ಕೂಗಿದೆ. ಮತ್ತೊಮ್ಮೆ ಕೂಗಲು ಬಾಯಿ ತೆರೆದೆ. ಏನೂ ಬರಲಿಲ್ಲ.

ದಯವಿಟ್ಟು ಇದನ್ನು ಸರಿಯಾಗಿ ಕೇಳಿಸಿಕೊಳ್ಳಿ. ಗಂಟಲು ಕಟ್ಟಿತ್ತು ಎಂದಲ್ಲ. ಗಂಟಲು ಕಟ್ಟಿದರೆ ಗೊರಗೊರ ಎಂದಾದರೂ ಬರುತ್ತದೆ, ನೋಯುತ್ತದೆ. ದಿನಕ್ಕೆ ಹತ್ತು ಜನರಾಗಿ ಮಾತಾಡುವ ನನಗೆ ಅದು ಹೊಸತಲ್ಲ. ಇದು ಹಾಗಿರಲಿಲ್ಲ. ಬಾಯಿ ತೆರೆಯುತ್ತಿತ್ತು, ಉಸಿರು ಹೋಗುತ್ತಿತ್ತು, ಸ್ವರ ಇರಲಿಲ್ಲ. ಮನೆಯಲ್ಲಿ ಯಾವಾಗಲೂ ಇಡುವ ಜಾಗಕ್ಕೆ ಕೈ ಹಾಕಿದಾಗ ವಸ್ತು ಇಲ್ಲದಿದ್ದರೆ ಹೇಗಾಗುತ್ತದೋ ಹಾಗಾಯಿತು. ಯಾರೋ ತೆಗೆದುಕೊಂಡು ಹೋಗಿದ್ದರು.

ಅಷ್ಟರಲ್ಲಿ ರೈಲು ಬಂತು. ಕಲ್ಲು ತುಂಬಿದ ಗೂಡ್ಸ್ ರೈಲು, ಮುಗಿಯುವುದೇ ಇಲ್ಲವೇನೋ ಎನ್ನುವಷ್ಟು ಉದ್ದ. ಮಂಜಿನಲ್ಲಿ ಅದು ಕಾಣಲಿಲ್ಲ. ನೆಲ ನಡುಗಿತು, ಸದ್ದು ಎಲ್ಲ ಕಡೆಯಿಂದಲೂ ಬಂದು ತುಂಬಿಕೊಂಡಿತು. ಸದಾನಂದಣ್ಣನ ಸೀಟಿಯೂ ಮುಳುಗಿಹೋಯಿತು. ನಾನು ಬ್ಯಾಗನ್ನು ಎದೆಗೆ ಒತ್ತಿಕೊಂಡು, ಮೂಕನ ಹಾಗೆ ಬಾಯಿ ಬಿಡುತ್ತ ನಿಂತಿದ್ದೆ. ಜೀವನದಲ್ಲಿ ಅಷ್ಟು ನಿರುಪಯೋಗಿಯಾಗಿ ನಾನು ಎಂದೂ ನಿಂತಿಲ್ಲ. ಅವರ ಹೆಂಡತಿಗೆ ಕೊಟ್ಟ ಮಾತು ನೆನಪಾಯಿತು. ಒಂದು ಸ್ವರ ಸಾಕು, ಯಾರದ್ದಾದರೂ ಆಗಲಿ, ಆ ಎಸಿಗೆ ಬೈಯುವ ಅತ್ತೆಯದ್ದೇ ಆಗಲಿ, ಒಂದು ಕೊಡು ದೇವರೇ ಎಂದು ಬೇಡಿಕೊಂಡೆ. ಬೇಡಿಕೊಂಡದ್ದೂ ಮನಸ್ಸಿನಲ್ಲೇ, ಬೇರೆ ದಾರಿ ಇರಲಿಲ್ಲ.

ರೈಲು ದಾಟಿತು. ಅದರ ಸದ್ದು ಕರಗುತ್ತಿದ್ದ ಹಾಗೆ ಎದುರಿನ ಬಿಳಿಯಲ್ಲಿ ಒಂದು ಕಪ್ಪು ಮೂಡಿತು. ಮುನೀರ್ ಸಾಹೇಬರು. ಪೈಜಾಮಕ್ಕೆ ಮಂಡಿಯವರೆಗೆ ಕೆಸರು, ಹಣೆಯಲ್ಲಿ ಬೆವರು, ತುಟಿ ಬಿಳಿಚಿತ್ತು. ಆದರೆ ನೆಟ್ಟಗೆ ನನ್ನ ಕಡೆಗೇ ನಡೆದು ಬಂದರು. ಬಂದವರು ನನ್ನ ಎರಡೂ ಕೆನ್ನೆ ಹಿಡಿದು, "ಬದ್ಮಾಶ್! ನನ್ನ ಅಣ್ಣನ ಸ್ವರ ಎಲ್ಲಿಂದ ಕಲಿತೆ ನೀನು?" ಎಂದರು. ಬೈಯುತ್ತಿರಲಿಲ್ಲ. ಕಣ್ಣಲ್ಲಿ ನೀರಿತ್ತು.

ನಾನು ಬಾಯಿ ತೆರೆದೆ, ಮುಚ್ಚಿದೆ. ವಿನಯಕ್ಕ ಓಡಿ ಬಂದು ಅವರನ್ನು ಕೂರಿಸಿ, ಬ್ಯಾಗ್ ಕಸಿದು, ಖರ್ಜೂರ ಬಾಯಿಗೆ ತುರುಕಿದರು. "ಇನ್ನೊಂದು ಸ್ವಲ್ಪ ಹೊತ್ತು ಆಗಿದ್ರೆ ಬಿದ್ದೇ ಹೋಗ್ತಿದ್ರಿ ಮಾರ್ರೆ, ದಾನೆ ನಿಕ್ಲೆನ ಕತೆ, ಎಂಥದು ನಿಮ್ಮ ಕತೆ!" ಎಂದು ತುಳುವಿನಲ್ಲೂ ಕನ್ನಡದಲ್ಲೂ ಒಟ್ಟಿಗೆ ಗದರಿದರು. ಸಾಹೇಬರು ಖರ್ಜೂರ ಜಗಿಯುತ್ತ ನನ್ನನ್ನೇ ನೋಡಿ ನಗುತ್ತಿದ್ದರು.

ಅವರು ಹೇಳಿದ್ದನ್ನು ಮುಂದಿನ ಊರಿನ ಕೆಫೆಟೇರಿಯಾದಲ್ಲಿ ಕೂತು ಕೇಳಿದೆವು. ಜೊಂಡಿನಿಂದ ಹೊರಬರುವಾಗ ದಿಕ್ಕು ತಪ್ಪಿತಂತೆ. ಒಂದಷ್ಟು ನಡೆದ ಮೇಲೆ ಕಾಲು ಹೂತಿತು, ತಲೆ ತಿರುಗಿತು, ಅಲ್ಲೇ ಕೂತುಬಿಡೋಣ ಅನ್ನಿಸಿತು. ಕೂತೂಬಿಟ್ಟಿದ್ದರು. ಆಗ ಎಡಗಡೆಯಿಂದ ಯಾರೋ "ಮೂನೂ" ಎಂದು ಕರೆದರು. ಅವರನ್ನು ಹಾಗೆ ಕರೆಯುತ್ತಿದ್ದವನು ಒಬ್ಬನೇ, ಅವರ ಅಣ್ಣ. ನೈಫ್‌ಗೆ ಮೊದಲು ಬಂದವನು, ಅಂಗಡಿ ತೆರೆದವನು ಅವನೇ. ನಾನು ಈ ದೇಶಕ್ಕೆ ಬರುವ ಎಷ್ಟೋ ವರ್ಷ ಮೊದಲೇ ಊರಿನಲ್ಲಿ ತೀರಿಕೊಂಡಿದ್ದ.

"ನಾನು ಏಳಲಿಲ್ಲ," ಎಂದರು ಸಾಹೇಬರು. "ನಮ್ಮಮ್ಮ ಹೇಳ್ತಿದ್ರು, ಕಾಣದವರು ಕರೆದ್ರೆ ಮೂರನೇ ಸಲಕ್ಕೇ ಓಗೊಡಬೇಕು, ಅಲ್ಲಿವರೆಗೆ ಸುಮ್ಮನಿರಬೇಕು ಅಂತ."

"ನಮ್ಮಲ್ಲೂ ಹಾಗೇ," ಎಂದು ಸದಾನಂದಣ್ಣ ತಲೆಯಾಡಿಸಿದರು. ಮೂರು ಸಲ ಕರೆಯುವ ತಾಳ್ಮೆ ಬೇಡದ ಪೀಡೆ ಪಿಶಾಚಿಗಳಿಗೆ ಇರುವುದಿಲ್ಲವೆಂದು ನಮ್ಮ ಕರಾವಳಿಯಲ್ಲಿ ಎಲ್ಲರ ಮನೆಯಲ್ಲೂ ಹೇಳುತ್ತಾರೆ.

"ಮೂರನೇ ಸಲ ಕರೆದಾಗ ರೈಲು ಹೋಗ್ತಾ ಇತ್ತು. ಆ ಸದ್ದಿನ ಮೇಲೂ ಸರಿಯಾಗಿ ಕೇಳ್ತು. ಕರೆಯೋ ಮೊದಲು ಅವನು ಮೂಗಿನಲ್ಲಿ ಒಂದು ಉಸಿರು ಎಳ್ಕೊಳ್ತಿದ್ದ, ಅದೂ ಕೇಳ್ತು. ಎದ್ದು ಅದರ ಹಿಂದೆ ಬಂದೆ. ಬಂದ್ರೆ ಇವನು ನಿಂತಿದ್ದಾನೆ. ಅದನ್ನೂ ಕಲಿತಿದ್ದಾನಲ್ಲ, ಆ ಉಸಿರನ್ನೂ!"

ಆ ಉಸಿರಿನ ಮಾತು ಕೇಳಿದಾಗ ನನ್ನ ಮೈ ಜುಮ್ಮೆಂದಿತು. ಮಿಮಿಕ್ರಿ ಮಾಡುವವನ ಗುಟ್ಟು ಅದು. ಜನ ಸ್ವರ ಕೇಳಿ ಮೆಚ್ಚುತ್ತಾರೆ, ನಾವು ಹಿಡಿಯುವುದು ಸ್ವರಕ್ಕೆ ಮೊದಲಿನ ಉಸಿರನ್ನು. ಆದರೆ ಕೇಳದ ಉಸಿರನ್ನು ಯಾವ ಕಲಾವಿದನೂ ಹಿಡಿಯಲಾರ. ಅವರ ಅಣ್ಣನ ಫೋಟೋ ಗಲ್ಲೆಯ ಮೇಲಿದೆ, ಮುಖ ನನಗೆ ಗೊತ್ತು. ಸ್ವರ ಗೊತ್ತಿಲ್ಲ. ಫೋನಿನಲ್ಲಿ ಮಾತು ಹಿಡಿದಿಡುವ ಕಾಲಕ್ಕೆ ಮೊದಲೇ ಹೋದವನು. "ಅವನ ಸ್ವರದ ಒಂದು ತುಂಡೂ ನನ್ನ ಹತ್ರ ಇಲ್ಲ" ಎಂದು ಸಾಹೇಬರೇ ಎಂದೋ ಹೇಳಿದ್ದರು.

ಇಲ್ಲಿ ಕರಕ್ ಎನ್ನುವ ಗಟ್ಟಿ ಹಾಲಿನ ಚಹಾದ ಮೊದಲ ಗುಟುಕಿಗೆ ನನ್ನ ಸ್ವರ ಬಂತು. ಹೋದ ಹಾಗೆಯೇ, ಹೇಳದೆ ಕೇಳದೆ. ಕೂಡಲೇ ಹೇಳಿದೆ: "ಸಾಹೇಬ್ರೇ, ನಾನಲ್ಲ. ನನಗೆ ಸ್ವರವೇ ಇರಲಿಲ್ಲ."

ಮೂವರೂ ಹೊಟ್ಟೆ ಹಿಡಿದು ನಕ್ಕರು. ನಾನು ಆಣೆ ಹಾಕಿದೆ. ಇನ್ನೂ ನಕ್ಕರು. "ಎಂತ ಆಕ್ಟಿಂಗ್ ಮಾರಾಯ! ಒಳ್ಳೇದು ಮಾಡಿದ್ದನ್ನೂ ಒಪ್ಪಿಕೊಳ್ಳಲಿಕ್ಕೆ ನಾಚಿಕೆಯಾ?" ಎಂದರು ಸದಾನಂದಣ್ಣ. ವರ್ಷಗಟ್ಟಲೆ ಬೇರೆಯವರ ಬಾಯಲ್ಲಿ ಮಾತಾಡಿದವನು ಒಮ್ಮೆ ತನ್ನ ಬಾಯಲ್ಲಿ ಮಾತಾಡಿದರೆ ಹೀಗಾಗುತ್ತದೆ.

ಬಿಸಿಲೇರಿ ಮಂಜು ಕರಗಿದ ಮೇಲೆ ಕಾರಿಗೆ ವಾಪಸು ಹೋಗುವಾಗ ನಾನು ಒಬ್ಬನೇ ಆ ಜಾಗಕ್ಕೆ ಇಳಿದು ನೋಡಿದೆ. ಅವರು ಕೂತ ಗುರುತಿತ್ತು. ಅಲ್ಲಿಯವರೆಗಿನ ಹೆಜ್ಜೆಗಳು ಅಡ್ಡಾದಿಡ್ಡಿ, ಅಲ್ಲಲ್ಲಿ ಆಳವಾಗಿ ಹೂತಿದ್ದವು. ಅಲ್ಲಿಂದ ದಾರಿಯ ಕಡೆಗೆ ಬಂದ ಹೆಜ್ಜೆಗಳು ಮಾತ್ರ, ಗಟ್ಟಿ ನೆಲ ಎಲ್ಲಿದೆಯೆಂದು ಯಾರೋ ಹೇಳಿಕೊಟ್ಟ ಹಾಗೆ, ಕೆಸರನ್ನು ಬಳಸಿ ಬಳಸಿ ಬಂದಿದ್ದವು. ಪಕ್ಕದಲ್ಲಿ ಇನ್ನೊಂದು ಜೊತೆ ಹೆಜ್ಜೆ ಇತ್ತೆಂದು ಬರೆದರೆ ನಿಮಗೆ ಖುಷಿಯಾಗುತ್ತಿತ್ತು. ಇರಲಿಲ್ಲ. ಒಂಟೆಯದ್ದೂ ಇರಲಿಲ್ಲ.

ವಿನಯಕ್ಕ ಆಮೇಲೊಂದು ದಿನ ನನ್ನ ಮಾತನ್ನು ಗಂಭೀರವಾಗಿ ಕೇಳಿದರು. ಶುಗರ್ ತೀರ ಇಳಿದರೆ ಇಲ್ಲದ್ದು ಕೇಳುತ್ತದೆ, ಕಾಣುತ್ತದೆ. ಗಾಬರಿಗೆ ಗಂಟಲು ಹಿಡಿಯುತ್ತದೆ. ಆಸ್ಪತ್ರೆಯಲ್ಲಿ ಬೇಕಾದಷ್ಟು ನೋಡಿದ್ದೇನೆ ಎಂದರು. ನಾನು ಒಪ್ಪಿದೆ. ಎರಡನ್ನೂ ಬೇರೆ ಬೇರೆಯಾಗಿ ಒಪ್ಪಬಹುದು. ಒಂದೇ ಮಂಜಿನಲ್ಲಿ, ಒಂದೇ ಹೊತ್ತಿಗೆ, ಒಬ್ಬನ ಸ್ವರ ಹೋಗಿ ಇನ್ನೊಬ್ಬನಿಗೆ ಸ್ವರ ಕೇಳಿಸಿದ್ದು ಹೇಗೆ ಎಂದು ಕೇಳಿದೆ. "ಅದನ್ನೆಲ್ಲ ಕೇಳ್ಬೇಡ ನನ್ನತ್ರ," ಎಂದರು.

ಸಾಹೇಬರ ಹೆಂಡತಿ ನನಗೆ ಬಿರಿಯಾನಿ ಕಳಿಸಿದರು, ಮತ್ತೆ ಮತ್ತೆ ಕಳಿಸಿದರು. ಪ್ರತಿ ಸಲವೂ "ನಾನಲ್ಲ ಚಾಚಿ" ಎಂದೆ, ಪ್ರತಿ ಸಲವೂ ತಿಂದೆ. ಸಾಹೇಬರು ಮಾತ್ರ ಒಂದು ಮಧ್ಯಾಹ್ನ, ಅಂಗಡಿಯಲ್ಲಿ ಗಿರಾಕಿ ಇಲ್ಲದ ಹೊತ್ತಿನಲ್ಲಿ, ನನ್ನನ್ನು ಗಲ್ಲೆಯ ಹತ್ತಿರ ಕರೆದರು. "ಒಂದು ಸಲ ಮಾಡು ಮಗಾ," ಎಂದರು. "ಸುಮ್ಮನೆ. ಒಂದೇ ಸಲ." ಹೇಳಿ ಕಣ್ಣು ಮುಚ್ಚಿಕೊಂಡು ಕೂತರು.

ಮೂಗಿನಲ್ಲಿ ಒಂದು ಉಸಿರು ಎಳೆದೆ, "ಮೂನೂ" ಎಂದೆ. ನನಗೇ ಗೊತ್ತಾಯಿತು, ಅದು ಒಬ್ಬ ಸೇಲ್ಸ್‌ಮನ್ನಿನ ಸ್ವರ. ಇನ್ನೊಂದು ಬಗೆಯಲ್ಲಿ ಪ್ರಯತ್ನಿಸಿದೆ, ಸ್ವಲ್ಪ ದಪ್ಪ ಮಾಡಿ, ಭಟ್ಕಳದ ಎಳೆತ ಸೇರಿಸಿ. ಮೂರನೆಯ ಸಲ ಕರೆಯುವ ಧೈರ್ಯ ಬರಲಿಲ್ಲ.

ಸಾಹೇಬರು ಕಣ್ಣು ತೆರೆದರು. ಅವರು ನಿರಾಶರಾಗುತ್ತಾರೆ ಎಂದುಕೊಂಡಿದ್ದೆ. ನಿಧಾನಕ್ಕೆ ಅವರ ಮುಖ ತಿಳಿಯಾಗುತ್ತ ಬಂತು.

"ಹೌದಾ, ನೀನು ಅಲ್ವಾ?" ಎಂದರು. "ನಿಜಕ್ಕೂ ಅಲ್ವಾ?"

"ಅಲ್ಲ ಸಾಹೇಬ್ರೇ."

"ಹಾಗಾದ್ರೆ ಇನ್ನೂ ಒಳ್ಳೇದಾಯ್ತಲ್ಲ ಮಗಾ," ಎಂದರು. ಎದ್ದು ನನ್ನ ಬೆನ್ನು ತಟ್ಟಿ, ಚಹಾ ತರಲು ಹೊರಗೆ ಹೋದರು. ಯಜಮಾನರೇ ಹೋಗಿ ನೌಕರನಿಗೆ ಚಹಾ ತಂದದ್ದು ನಮ್ಮ ಅಂಗಡಿಯಲ್ಲಿ ಅದೇ ಮೊದಲು. ನನ್ನದರಲ್ಲಿ ಸಕ್ಕರೆ ಇತ್ತು, ಅವರದರಲ್ಲಿ ಇರಲಿಲ್ಲ. ಸಿಟ್ಟಾಗದೆ ಕುಡಿದರು.

ಈಗಲೂ ನಾವು ಆ ದಾರಿಯಲ್ಲಿ ನಡೆಯುತ್ತೇವೆ. ಸಾಹೇಬರ ಬಿಸ್ಕತ್ತು ಅವರ ಜೇಬಿನಲ್ಲೇ ಇರುತ್ತದೆ. ಮಂಜು ಬಿದ್ದ ದಿನ ನಾನು ಬೇಕೆಂದೇ ಹಿಂದೆ ಉಳಿದು, ಆ ಕೆರೆಯ ಹತ್ತಿರ ಸ್ವಲ್ಪ ಹೊತ್ತು ನಿಲ್ಲುತ್ತೇನೆ. ಸ್ವರಗಳನ್ನು ಕದ್ದೇ ಬದುಕಿದವನು ನಾನು. ಅವತ್ತು ನನ್ನದನ್ನು ಯಾರಾದರೂ ಒಯ್ದಿದ್ದರೆ, ಒಯ್ದು ಆ ಮನುಷ್ಯನನ್ನು ದಾರಿಗೆ ತಂದು ಹಾಗೆಯೇ ವಾಪಸು ಕೊಟ್ಟಿದ್ದರೆ, ಅವರಿಗೊಂದು ಥ್ಯಾಂಕ್ಸ್ ಹೇಳಬೇಕು. ಹೇಗೆ ಹೇಳುವುದು, ಯಾರಿಗೆ ಹೇಳುವುದು, ಗೊತ್ತಿಲ್ಲ. ಸುಮ್ಮನೆ ನಿಂತು ಕೇಳಿಸಿಕೊಳ್ಳುತ್ತೇನೆ. ಜೊಂಡಿನಲ್ಲಿ ನೀರು ತೊಟ್ಟಿಕ್ಕುತ್ತದೆ, ದೂರದಲ್ಲಿ ಹಂಸವೊಂದು ರೆಕ್ಕೆ ಬಡಿಯುತ್ತದೆ. ಅಷ್ಟೇ. ನನ್ನನ್ನು ಈವರೆಗೆ ಯಾರೂ ಕರೆದಿಲ್ಲ.